ಟವರ್ ಸಿಗದ ತೋಟದಲ್ಲಿ ಪ್ರೈಮರಿ ಕೀ

(ಮಡಿಕೇರಿಯಲ್ಲಿ ಕಂಪ್ಯೂಟರ್ ಓದುತ್ತಿರುವ ವಿದ್ಯಾರ್ಥಿಗಳು ಮತ್ತು ಸಾಫ್ಟ್‌ವೇರ್ ಕೆಲಸದಲ್ಲಿರುವ ಕೆಲವು ಗೆಳೆಯರ ಮುಂದೆ ಆಡಿದ ಮಾತಿನ ಬರಹ ರೂಪ. ಮಾತಿನಲ್ಲಿ ಎರಡೆರಡು ಸಲ ಬಂದದ್ದನ್ನು ಇಲ್ಲಿ ತೆಗೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಡೇಟಾಬೇಸಿನ ಟೇಬಲ್‌ಗೆ ಹೊಸ ಸಾಲು ಸೇರಿಸುವಾಗ ಅದರ ಪ್ರೈಮರಿ ಕೀ, ಅಂದರೆ ಆ ಸಾಲೊಂದನ್ನೇ ತೋರಿಸುವ ಗುರುತು, ಕೊಡಬೇಕಾದವರು ಯಾರು? ಡೇಟಾಬೇಸೋ, ನಾವು ಬರೆದ ಪ್ರೋಗ್ರಾಮೋ? ಕಾಲೇಜಿನಲ್ಲಿ ಆಟೋ ಇನ್‌ಕ್ರಿಮೆಂಟ್ (ಡೇಟಾಬೇಸೇ ಒಂದೊಂದು ಏರಿಸುತ್ತಾ ನಂಬರ್ ಕೊಡುವುದು) ಅಂತ ಒಂದು ಸಾಲು ಹೇಳಿ ಮುಂದೆ ಹೋಗುತ್ತಾರೆ. ಡೇಟಾಬೇಸ್ ಯಾವಾಗಲೂ ಕೈಗೆ ಸಿಗುವ ಕಡೆ ಅಷ್ಟೇ ಸಾಕು. ನಮ್ಮಲ್ಲಿ ಸಾಕಾಗುವುದಿಲ್ಲ. ಯಾಕೆ ಅಂತ ಒಂದು ಉದಾಹರಣೆ ಇಟ್ಟುಕೊಂಡೇ ನೋಡೋಣ.

ಕಾಫಿ ಕೊಯ್ಲಿನ ಸಮಯ. ರೋಬಸ್ಟಾ ತೋಟ. ಸಂಜೆ ಕೆಲಸಗಾರರು ಕೊಯ್ದ ಹಣ್ಣನ್ನು ಚೀಲಗಳಲ್ಲಿ ತಂದು ಸಾಲಾಗಿ ನಿಲ್ಲುತ್ತಾರೆ. ತಕ್ಕಡಿ ಹತ್ತಿರ ರೈಟ್ರು. ಹಿಂದೆ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು, ಈಗ ಕೈಯಲ್ಲಿ ಫೋನು. ಹೆಸರು ಆರಿಸು, ತೂಕ ಹಾಕು, ಸೇವ್ ಒತ್ತು. ಕೂಲಿ ಕಿಲೋ ಲೆಕ್ಕದಲ್ಲಿ, ಹಾಗಾಗಿ ಒಂದು ಸಾಲು ತಪ್ಪಿದರೂ ಬಟವಾಡೆ ದಿನ ಜಗಳ. ತೋಟದ ಈ ಮೂಲೆಯಲ್ಲಿ ಒಬ್ಬ ರೈಟ್ರು, ಆ ಮೂಲೆಯಲ್ಲಿ ಇನ್ನೊಬ್ಬರು. ಟವರ್ ಸಿಗುವುದು ಬಂಗಲೆ ಹತ್ತಿರ ಬಂದಾಗ ಮಾತ್ರ.

ಈಗ ಹೇಳಿ, ಸೇವ್ ಒತ್ತಿದ ಕ್ಷಣದಲ್ಲಿ ಆ ತೂಕದ ಸಾಲಿಗೆ ಕೀ ಎಲ್ಲಿಂದ ಬರಬೇಕು? ಡೇಟಾಬೇಸ್ ಎಲ್ಲೋ ಮುಂಬೈನ ಒಂದು ಸರ್ವರ್‌ನಲ್ಲಿದೆ. ಅದನ್ನು ಕೇಳುವುದಕ್ಕೆ ದಾರಿಯೇ ಇಲ್ಲ.

ಇಲ್ಲಿ ಎಲ್ಲರಿಗೂ ಮೊದಲು ಹೊಳೆಯುವ ಉಪಾಯ: ಫೋನಿನಲ್ಲಿರುವ ಅತಿ ದೊಡ್ಡ ನಂಬರ್ ತೆಗೆದು ಒಂದು ಕೂಡಿಸುವುದು. ಇದು ಸರ್ವರ್‌ನಲ್ಲೇ ಕೆಡುತ್ತದೆ. ಇಬ್ಬರು ಒಂದೇ ಹೊತ್ತಿಗೆ ಕೇಳಿದರೆ ಇಬ್ಬರಿಗೂ 146 ಅಂತ ಉತ್ತರ ಬರುತ್ತದೆ, ಇಬ್ಬರೂ 147 ಬರೆಯಲು ಹೋಗುತ್ತಾರೆ. ಒಂದೇ ಕೀ ಎರಡು ಸಲ ಬರಬಾರದು ಅನ್ನುವ ಪ್ರೈಮರಿ ಕೀ ನಿರ್ಬಂಧ ಇದ್ದರೆ ಒಬ್ಬರಿಗೆ ಎರರ್. ನಿರ್ಬಂಧ ಇಲ್ಲದಿದ್ದರೆ ಇಬ್ಬರಿಗೂ ಏನೂ ಗೊತ್ತಾಗುವುದಿಲ್ಲ, ಅದು ಇನ್ನೂ ಕೆಟ್ಟದ್ದು. ಫೋನುಗಳಲ್ಲಿ ಮಾಡಿದರಂತೂ ಡಿಕ್ಕಿ ಗ್ಯಾರಂಟಿ. ಎರಡೂ ಫೋನಿನಲ್ಲಿ ಬೆಳಗ್ಗೆ ಇದ್ದದ್ದು ಅದೇ ಪಟ್ಟಿ ತಾನೇ?

ಎರಡನೇ ಉಪಾಯ, ಸಾಲಿನೊಳಗೇ ಇರುವ ಮಾಹಿತಿಯನ್ನು ಕೀ ಮಾಡುವುದು. 1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ಮಾಹಿತಿಯನ್ನು ಟೇಬಲ್‌ಗಳಲ್ಲಿ ಇಡುವ ರಿಲೇಷನಲ್ ಮಾದರಿಯ ಬಗ್ಗೆ ಬರೆದಾಗ ಪ್ರೈಮರಿ ಕೀ ಅಂದರೆ ಅವರ ಮನಸ್ಸಿನಲ್ಲಿದ್ದದ್ದು ಇದೇ ಥರದ್ದು. ಪುಸ್ತಕದಲ್ಲಿ ಚೆನ್ನಾಗಿದೆ. ಊರಿಗೆ ತಂದರೆ ಕಷ್ಟ. ಮನೆ ಹೆಸರು ಸೇರಿಸಿ ಪೂರ್ತಿ ಹೆಸರು ಬರೆದರೂ ಒಂದೇ ಒಕ್ಕದಲ್ಲಿ, ಅಂದರೆ ಕೊಡವ ಮನೆತನದಲ್ಲಿ, ಅಜ್ಜನ ಹೆಸರಿಟ್ಟ ಮೊಮ್ಮಕ್ಕಳು ಇಬ್ಬರು ಸಿಗುತ್ತಾರೆ. ಫೋನ್ ನಂಬರ್? ಕೆಲಸಗಾರರ ಲೈನ್ ಮನೆಯಲ್ಲಿ ಮೂವರಿಗೆ ಒಂದೇ ಫೋನು, ಹೊರ ರಾಜ್ಯದಿಂದ ಬಂದವರು ಸಿಮ್ ಬದಲಾಯಿಸುತ್ತಾರೆ. ತೋಟಕ್ಕೆ ಸರ್ವೆ ನಂಬರ್? ಅಣ್ಣ ತಮ್ಮ ಪಾಲಾಗಿ ಪೋಡಿ ಆದರೆ 45 ಇದ್ದದ್ದು 45/1, 45/2 ಆಗುತ್ತದೆ. ಕೀ ಬದಲಾದರೆ ಅದನ್ನು ನಂಬಿಕೊಂಡ ಎಲ್ಲ ಟೇಬಲ್ಲೂ ಬದಲಾಗಬೇಕು. ಆಧಾರ್ ಅಂತ ಯಾರೋ ಹೇಳಿದಿರಿ. ದಯವಿಟ್ಟು ಬೇಡ. ಕೀ ಅನ್ನುವುದು ಒಂದು ಜಾಗದಲ್ಲಿ ಕೂರುವುದಿಲ್ಲ. ಫಾರಿನ್ ಕೀ ಆಗಿ, ಅಂದರೆ ಈ ಸಾಲನ್ನು ತೋರಿಸುವ ಕೊಂಡಿಯಾಗಿ, ಹತ್ತು ಟೇಬಲ್‌ಗೆ ಹೋಗುತ್ತದೆ, ಲಾಗ್ ಫೈಲಿಗೆ ಹೋಗುತ್ತದೆ, ಬ್ಯಾಕಪ್‌ಗೆ ಹೋಗುತ್ತದೆ, ಬ್ರೌಸರಿನ ಅಡ್ರೆಸ್ ಬಾರಿನಲ್ಲೂ ಕಾಣಿಸಿಕೊಳ್ಳುತ್ತದೆ. ಇನ್ನೊಬ್ಬರ ಆಧಾರ್ ನಂಬರನ್ನು ಹಾಗೆ ಚೆಲ್ಲಾಡುವ ಹಕ್ಕು ನಮಗಿಲ್ಲ.

ಮೂರನೆಯದು ಸ್ವಲ್ಪ ಮರ್ಯಾದೆಯ ಉಪಾಯ: ಮೊದಲೇ ನಂಬರ್ ಹಂಚಿಬಿಡುವುದು. ರಸೀದಿ ಪುಸ್ತಕ ಹಂಚಿದ ಹಾಗೆ. ಈ ರೈಟ್ರಿಗೆ 1ರಿಂದ 1000, ಆ ರೈಟ್ರಿಗೆ 1001ರಿಂದ 2000. ಮುಗಿದರೆ ಆಫೀಸಿಗೆ ಬಂದು ಹೊಸದು ತಗೊಳ್ಳಿ. ಇದನ್ನು ಹೈ-ಲೋ ಅನ್ನುತ್ತಾರೆ. ಜಾವಾದಲ್ಲಿ ಡೇಟಾಬೇಸ್ ಜೊತೆ ಮಾತಾಡಲು ಜೆಪಿಎ ಬಳಸುವವರು ಗೊತ್ತಿಲ್ಲದೆಯೇ ಇಂಥದ್ದನ್ನು ಬಳಸುತ್ತಿರುತ್ತೀರಿ. ಅಲ್ಲಿ ಸೀಕ್ವೆನ್ಸ್ ಜನರೇಟರ್ ಸುಮ್ನೆ ಬಿಟ್ಟರೆ ಒಂದು ಸಲಕ್ಕೆ 50 ನಂಬರ್ ತಂದಿಟ್ಟುಕೊಳ್ಳುತ್ತದೆ. ಒಳ್ಳೆಯ ಪದ್ಧತಿ, ಕೀ ಚಿಕ್ಕದಾಗಿರುತ್ತದೆ. ಆದರೆ ಯಾರಿಗೆ ಯಾವ ಗುಂಪು ಕೊಟ್ಟೆವು ಅನ್ನುವ ಲೆಕ್ಕ ಯಾರೋ ಇಡಬೇಕು. ಫೋನ್ ಕೆಟ್ಟು, ಆ್ಯಪ್ ಮತ್ತೆ ಹಾಕಿ, ಅದೇ ಗುಂಪಿನ ಮೊದಲಿನಿಂದ ಶುರುವಾದರೆ ಮುಗಿಯಿತು.

ಹಾಗಾಗಿ ಉಳಿಯುವ ದಾರಿ, ಯಾರನ್ನೂ ಕೇಳದೆ ಎಲ್ಲೂ ಡಿಕ್ಕಿಯಾಗದ ಕೀಯನ್ನು ಆ್ಯಪ್ ತಾನೇ ಹುಟ್ಟಿಸುವುದು. ಅಂದರೆ ಯುಯುಐಡಿ.

ಯುಯುಐಡಿ 128 ಬಿಟ್ ಉದ್ದದ ಒಂದು ಸಂಖ್ಯೆ, ಅಷ್ಟೇ. ನಮಗೆ ಕಾಣುವಾಗ ಹೆಕ್ಸಾಡೆಸಿಮಲ್‌ನಲ್ಲಿ 8, 4, 4, 4, 12 ಅಕ್ಷರಗಳ ಐದು ಗುಂಪು, ನಡುವೆ ಅಡ್ಡಗೆರೆ, ಒಟ್ಟು 36 ಅಕ್ಷರ. ಒಂದನ್ನು ಎದುರಿಗಿಟ್ಟುಕೊಂಡು ಮೂರನೇ ಗುಂಪಿನ ಮೊದಲ ಅಕ್ಷರ ನೋಡಿ. ಅಲ್ಲಿ 4 ಇದ್ದರೆ ಅದು ಹೆಚ್ಚುಕಡಿಮೆ ಪೂರ್ತಿ ಯಾದೃಚ್ಛಿಕ, ಅಂದರೆ ರ‍್ಯಾಂಡಮ್. 7 ಇದ್ದರೆ ಮುಂದೆ ಸಮಯ, ಹಿಂದೆ ರ‍್ಯಾಂಡಮ್. ಈ 7ನೇ ಆವೃತ್ತಿ ಅಧಿಕೃತವಾಗಿ ಬಂದದ್ದು 2024ರಲ್ಲಿ, ಇಂಟರ್ನೆಟ್ ನಿಯಮಗಳ ದಾಖಲೆಯಾದ ಆರ್‌ಎಫ್‌ಸಿ 9562ರಲ್ಲಿ. ಅದಕ್ಕೂ ಮೊದಲಿನದು 2005ರ ಆರ್‌ಎಫ್‌ಸಿ 4122. ಹಳೆಯ ಬ್ಲಾಗುಗಳಲ್ಲಿ 7ರ ಸುದ್ದಿಯೇ ಇರುವುದಿಲ್ಲ, ಅದು ನೆನಪಿರಲಿ.

4ನೇ ಆವೃತ್ತಿಯಲ್ಲಿ 122 ಬಿಟ್ ರ‍್ಯಾಂಡಮ್. ಎರಡು ಒಂದೇ ಆಗಿಬಿಟ್ಟರೆ ಅಂತ ಎಲ್ಲರೂ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಒಂದು ಕೋಣೆಯಲ್ಲಿ 23 ಜನ ಇದ್ದರೆ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬರುವ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ. ಈ ಲೆಕ್ಕವನ್ನೇ ಇಲ್ಲಿ ಹಾಕಿದರೆ, ಡಿಕ್ಕಿಯ ಸಾಧ್ಯತೆ ಅರ್ಧಕ್ಕೆ ಬರಲು ಸುಮಾರು 2.7 ಗುಣಿಸು 10ರ ಘಾತ 18ರಷ್ಟು ಯುಯುಐಡಿ ಹುಟ್ಟಿಸಬೇಕು. ದಿನಕ್ಕೆ ನೂರು ಕೋಟಿ ಹುಟ್ಟಿಸಿದರೂ ಎಪ್ಪತ್ತು ಲಕ್ಷ ವರ್ಷ ದಾಟುತ್ತದೆ. ಇಷ್ಟೆಲ್ಲ ನಿಜವಾಗುವುದು ರ‍್ಯಾಂಡಮ್ ನಿಜಕ್ಕೂ ರ‍್ಯಾಂಡಮ್ ಆಗಿದ್ದರೆ ಮಾತ್ರ. ಜಾವಾಸ್ಕ್ರಿಪ್ಟ್‌ನಲ್ಲಿ ಮ್ಯಾಥ್ ಡಾಟ್ ರ‍್ಯಾಂಡಮ್ ಹಿಡಿದು ಸ್ವಂತ ಯುಯುಐಡಿ ಹೊಲಿಯುವವರಿದ್ದಾರೆ. ಅದು ಈ ಕೆಲಸಕ್ಕೆ ಅಲ್ಲ. ಬ್ರೌಸರಿನಲ್ಲೇ ಕ್ರಿಪ್ಟೋ ಡಾಟ್ ರ‍್ಯಾಂಡಮ್‌ಯುಯುಐಡಿ ಇದೆ, ಅದನ್ನು ಬಳಸಿ. ಎಚ್‌ಟಿಟಿಪಿಎಸ್ ಇಲ್ಲದ ಪುಟದಲ್ಲಿ ಅದು ಸಿಗುವುದಿಲ್ಲ. ಲ್ಯಾನ್‌ನಲ್ಲಿ ಟೆಸ್ಟ್ ಮಾಡುವಾಗ ತಲೆ ಕೆಡಿಸುವುದು ಇದೇ.

ಇಷ್ಟು ಹೊತ್ತು ಡಿಕ್ಕಿಯ ಮಾತಾಯಿತು. ನಿಜ ಹೇಳಬೇಕೆಂದರೆ, ಆ್ಯಪ್‌ನಲ್ಲೇ ಕೀ ಹುಟ್ಟಿಸುವುದಕ್ಕೆ ನಾನು ಕೊಡುವ ಮುಖ್ಯ ಕಾರಣ ಡಿಕ್ಕಿ ಅಲ್ಲವೇ ಅಲ್ಲ. ಅದೇ ವಿಷಯವನ್ನು ಎರಡನೇ ಸಲ ಹೆದರಿಕೆ ಇಲ್ಲದೆ ಕಳಿಸಬಹುದು, ಅದು ಕಾರಣ.

ರೈಟ್ರು ಬಂಗಲೆ ಕಡೆ ನಡೆದು ಬರುತ್ತಿದ್ದಾರೆ. ಒಂದು ಗೆರೆ ಸಿಗ್ನಲ್ ಬಂತು. ಆ್ಯಪ್ 38 ಕಿಲೋದ ಸಾಲನ್ನು ಕಳಿಸಿತು. ಸರ್ವರ್‌ಗೆ ಮುಟ್ಟಿತು, ಟೇಬಲ್‌ನಲ್ಲಿ ಬರೆದಾಯಿತು, ಸರಿ ಅಂತ ಉತ್ತರವೂ ಹೊರಟಿತು. ಅಷ್ಟರಲ್ಲಿ ರೈಟ್ರು ಗುಡ್ಡದ ಬರೆ ತಿರುಗಿದರು, ಸಿಗ್ನಲ್ ಹೋಯಿತು. ಉತ್ತರ ಮಾತ್ರ ಬರಲಿಲ್ಲ. ಫೋನಿನ ಕಣ್ಣಿಗೆ ಇದು ಫೇಲ್. ಮತ್ತೆ ಸಿಗ್ನಲ್ ಬಂದಾಗ ಅದೇ ಸಾಲನ್ನು ಇನ್ನೊಮ್ಮೆ ಕಳಿಸುತ್ತದೆ. ಕಳಿಸಲೇಬೇಕು, ಯಾಕೆಂದರೆ ಸಾಲು ಸರ್ವರ್ ಮುಟ್ಟದೆಯೇ ಫೇಲ್ ಆಗಿದ್ದರೂ ಫೋನಿಗೆ ಕಾಣುವುದು ಹೀಗೆಯೇ.

ಕೀ ಕೊಡುವವರು ಡೇಟಾಬೇಸ್ ಆಗಿದ್ದರೆ ಈಗ ಎರಡು ಸಾಲು. 5211 ಒಂದು, 5212 ಒಂದು, ಎರಡೂ 38 ಕಿಲೋ, ಎರಡೂ ಅದೇ ಕೆಲಸಗಾರ್ತಿಯದು. ಇವು ಎರಡು ನಿಜವಾದ ಚೀಲವೋ, ಒಂದೇ ಚೀಲದ ಎರಡು ನಕಲೋ? ಡೇಟಾಬೇಸ್ ನೋಡಿ ಹೇಳಲು ಆಗುವುದಿಲ್ಲ. ಒಂದೇ ಸಂಜೆ ಒಬ್ಬರೇ 38 ಕಿಲೋದ ಎರಡು ಚೀಲ ತರಬಾರದು ಅಂತೇನೂ ಇಲ್ಲವಲ್ಲ.

ಕೀ ಫೋನಿನಲ್ಲೇ ಹುಟ್ಟಿದ್ದರೆ ಎರಡನೇ ಸಲವೂ ಅದೇ ಕೀ ಬರುತ್ತದೆ. ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ ಸಾಲು ಸೇರಿಸುವ ಇನ್ಸರ್ಟ್ ಜೊತೆ ಆನ್ ಕಾನ್‌ಫ್ಲಿಕ್ಟ್ ಡು ನಥಿಂಗ್ ಅಂತ ಬರೆದರೆ ಆಯಿತು, ಎರಡನೆಯದು ಸದ್ದಿಲ್ಲದೆ ಬಿದ್ದುಹೋಗುತ್ತದೆ. ಸರ್ವರ್ ಎರಡೂ ಸಲ ಸರಿ ಅನ್ನುತ್ತದೆ. ನೂರು ಸಲ ಕಳಿಸಿದರೂ ಒಂದೇ ಸಾಲು. ಕಾನ್‌ಫ್ಲಿಕ್ಟ್ ಯಾವ ಕಾಲಮ್ಮಿನ ಮೇಲೆ ಅಂತ ಹೆಸರಿಸಿ ಬರೆಯಿರಿ, ಇಲ್ಲದಿದ್ದರೆ ಬೇರೆ ನಿರ್ಬಂಧ ಮುರಿದದ್ದೂ ಮುಚ್ಚಿಹೋಗುತ್ತದೆ. ಮೈಎಸ್‌ಕ್ಯೂಎಲ್ ಡೇಟಾಬೇಸಿನಲ್ಲಿ ಇನ್ಸರ್ಟ್ ಇಗ್ನೋರ್ ಇದೆ, ಆದರೆ ಅದು ಬೇರೆ ಎಷ್ಟೋ ತಪ್ಪುಗಳನ್ನೂ ಬರೀ ವಾರ್ನಿಂಗ್ ಮಾಡಿ ನುಂಗುತ್ತದೆ. ಅಲ್ಲಿ ನೇರ ಇನ್ಸರ್ಟ್ ಮಾಡಿ, ಡೂಪ್ಲಿಕೇಟ್ ಕೀ ಎರರ್ ಬಂದರೆ ಅದನ್ನು ಹಿಡಿಯುವುದೇ ವಾಸಿ.

ಇಲ್ಲಿ ಒಂದು ಕಡೆ ತುಂಬಾ ಜನ ಎಡವುತ್ತಾರೆ. ಕೋಡ್ ತೆರೆದು ಕೀ ಹುಟ್ಟಿಸುವ ಸಾಲು ಯಾವ ಫಂಕ್ಷನ್‌ನಲ್ಲಿದೆ ಅಂತ ನೋಡಿ. ಅದು ಸರ್ವರ್‌ಗೆ ಕಳಿಸುವ ಫಂಕ್ಷನ್ ಒಳಗಿದ್ದರೆ ಕೆಲಸ ಕೆಟ್ಟಿತು. ಕಳಿಸಿದಷ್ಟು ಸಲವೂ ಹೊಸ ಕೀ ಹುಟ್ಟುತ್ತದೆ. ಯುಯುಐಡಿ ಬಳಸಿಯೂ ಎರಡೆರಡು ಸಾಲು ಬರುವುದು ಹೀಗೆ. ಕೀ ಹುಟ್ಟಬೇಕಾದದ್ದು ತೂಕ ಹಾಕುವ ಪರದೆ ತೆರೆದಾಗ. ಅಲ್ಲೇ ಹುಟ್ಟಿ, ಫೋನಿನೊಳಗಿನ ಚಿಕ್ಕ ಡೇಟಾಬೇಸ್ ಎಸ್‌ಕ್ಯೂಲೈಟ್‌ನಲ್ಲಿ ಸಾಲಿನ ಜೊತೆಯೇ ಬರೆದು, ಕೊನೆವರೆಗೂ ಬದಲಾಗಬಾರದು. ಪರದೆ ತೆರೆದಾಗಲೇ ಹುಟ್ಟಿಸಿದರೆ ಇನ್ನೊಂದು ಲಾಭ: ಕೈಗೆ ಮಣ್ಣು ಮೆತ್ತಿಕೊಂಡು ಸೇವ್ ಬಟನ್ನನ್ನು ಎರಡು ಸಲ ಒತ್ತಿದರೂ ಒಂದೇ ಸಾಲು.

ಲಾಭ ಇನ್ನೂ ಇದೆ. ಹೊಸ ಕೆಲಸಗಾರ ಬಂದ, ಅವನ ಹೆಸರು ಸೇರಿಸಬೇಕು, ಅವನ ತೂಕವನ್ನೂ ಬರೆಯಬೇಕು, ಮುಂಗಡ ಕೊಟ್ಟಿದ್ದರೆ ಅದನ್ನೂ. ಮೂರು ಟೇಬಲ್. ಕೀ ಮೊದಲೇ ಗೊತ್ತಿರುವುದರಿಂದ ಫಾರಿನ್ ಕೀ ಸಮೇತ ಮೂರನ್ನೂ ಆಫ್‌ಲೈನ್‌ನಲ್ಲೇ ಪೂರ್ತಿ ಕಟ್ಟಬಹುದು. ಇಲ್ಲದಿದ್ದರೆ ಮೈನಸ್ ಒಂದು, ಮೈನಸ್ ಎರಡು ಅಂತ ಸುಳ್ಳು ಕೀ ಕೊಟ್ಟು, ಸಿಂಕ್ ಆದಮೇಲೆ ಎಲ್ಲವನ್ನೂ ಹುಡುಕಿ ಬದಲಿಸುವ ಕೋಡ್ ಬರೆಯಬೇಕು. ಆ ಕೋಡ್ ಬರೆದವರಿಗೆ ಗೊತ್ತು ಅದರ ಸುಖ.

ಹಾಗಾದರೆ 4 ಬೇಕೋ 7 ಬೇಕೋ? ಸಾಲುಗಳನ್ನು ಬೇಗ ಹುಡುಕಲು ಡೇಟಾಬೇಸ್ ಇಟ್ಟುಕೊಳ್ಳುವ ಇಂಡೆಕ್ಸ್ ಹೇಗೆ ಕೆಲಸ ಮಾಡುತ್ತದೆ ಅಂತ ನೋಡಿದರೆ ಉತ್ತರ ಸಿಗುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ ಡೇಟಾ ಇಡುವ ಭಾಗವಾದ ಇನ್ನೋಡಿಬಿ ಸಾಲುಗಳನ್ನು ಪ್ರೈಮರಿ ಕೀಯ ಅನುಕ್ರಮದಲ್ಲೇ ಇಡುತ್ತದೆ, 16 ಕಿಲೋಬೈಟಿನ ಪುಟಗಳಲ್ಲಿ. ಏರುತ್ತಾ ಹೋಗುವ ಕೀ ಬಂದರೆ ಹೊಸ ಸಾಲು ಯಾವಾಗಲೂ ಕೊನೆಯ ಪುಟಕ್ಕೆ, ಪುಟ ಹದಿನಾರರಲ್ಲಿ ಹದಿನೈದು ಪಾಲು ತುಂಬುತ್ತದೆ. 4ನೇ ಆವೃತ್ತಿ ಬಂದರೆ ಎಲ್ಲೆಂದರಲ್ಲಿ ನುಗ್ಗುತ್ತದೆ. ತುಂಬಿದ ಪುಟ ಎರಡಾಗಿ ಸೀಳುತ್ತದೆ, ಅರ್ಧ ಖಾಲಿ ಪುಟಗಳು ಉಳಿಯುತ್ತವೆ, ಮೆಮೊರಿಯಲ್ಲಿ ಇಟ್ಟುಕೊಳ್ಳಬೇಕಾದ ಪುಟಗಳೂ ಜಾಸ್ತಿ. 7ರಲ್ಲಿ ಮೊದಲ 48 ಬಿಟ್ 1970ರಿಂದ ಎಷ್ಟು ಮಿಲಿಸೆಕೆಂಡ್ ಅನ್ನುವುದು, ಹಾಗಾಗಿ ಹೊಸದು ಹೆಚ್ಚುಕಡಿಮೆ ಕೊನೆಗೇ ಬರುತ್ತದೆ. ಆ 48 ಬಿಟ್ 10889ನೇ ಇಸವಿವರೆಗೆ ಸಾಕು. ಉಳಿದ 74 ಬಿಟ್ ರ‍್ಯಾಂಡಮ್, ಒಂದೇ ಮಿಲಿಸೆಕೆಂಡಿನಲ್ಲಿ ಇಬ್ಬರು ರೈಟ್ರು ಒತ್ತಿದರೂ ತೊಂದರೆ ಇಲ್ಲ.

ಹೊಸದಾಗಿ ಶುರು ಮಾಡುವವರು 7 ತಗೊಳ್ಳಿ. ಪೋಸ್ಟ್‌ಗ್ರೆಸ್ 18ರಲ್ಲಿ, ಪೈಥಾನ್ 3.14ರಲ್ಲಿ, ಡಾಟ್‌ನೆಟ್ 9ರಲ್ಲಿ ಒಳಗೇ ಬಂದಿದೆ. ಉಳಿದ ಕಡೆ ಲೈಬ್ರರಿ ಸಿಗುತ್ತದೆ. ಎಸ್‌ಕ್ಯೂಎಲ್ ಸರ್ವರ್ ಬಳಸುವವರು ಮಾತ್ರ ಜೋಪಾನ. ಅದರಲ್ಲಿ ಯುಯುಐಡಿ ಇಡುವ ಯೂನಿಕ್ ಐಡೆಂಟಿಫೈಯರ್ ಟೈಪ್ ಕೊನೆಯ ಆರು ಬೈಟುಗಳನ್ನು ಮೊದಲು ಹೋಲಿಸುತ್ತದೆ, ಅಲ್ಲಿ 7ರ ಅನುಕ್ರಮದ ಲಾಭ ಹಾಗೇ ಸಿಗುವುದಿಲ್ಲ.

ಇನ್ನು, ಯುಯುಐಡಿಯನ್ನು 36 ಅಕ್ಷರದ ಪಠ್ಯವಾಗಿ ಇಡಬೇಡಿ. ಪೋಸ್ಟ್‌ಗ್ರೆಸ್‌ನಲ್ಲಿ ಅದಕ್ಕೇ ಒಂದು ಟೈಪ್ ಇದೆ. ಮೈಎಸ್‌ಕ್ಯೂಎಲ್‌ನಲ್ಲಿ 16 ಬೈಟಿನ ಬೈನರಿ. ಇನ್ನೋಡಿಬಿಯಲ್ಲಿ ಬೇರೆ ಕಾಲಮ್ಮುಗಳ ಮೇಲೆ ಹಾಕಿದ ಪ್ರತಿ ಸೆಕೆಂಡರಿ ಇಂಡೆಕ್ಸಿನಲ್ಲೂ ಪ್ರೈಮರಿ ಕೀಯ ನಕಲು ಇರುತ್ತದೆ. ಒಂದು ಕೋಟಿ ಸಾಲು, ಇಂಥ ಐದು ಇಂಡೆಕ್ಸ್ ಅಂತಿಟ್ಟುಕೊಳ್ಳಿ. ಸಾಲಿಗೆ 20 ಬೈಟ್ ವ್ಯರ್ಥ, ಟೇಬಲ್ ಸೇರಿ ಆರು ಕಡೆ, ಒಟ್ಟು 120 ಕೋಟಿ ಬೈಟ್. ಒಂದು ಜಿಬಿಗೂ ಜಾಸ್ತಿ, ಏನೂ ಉಪಯೋಗ ಇಲ್ಲದೆ.

ಆದರೆ ಈ ವೇಗದ ಚರ್ಚೆಯನ್ನು ಅತಿಯಾಗಿ ತಲೆಗೆ ಹಚ್ಚಿಕೊಳ್ಳಬೇಡಿ. 200 ಜನ, ದಿನಕ್ಕೆ ಎರಡು ತೂಕ, 90 ದಿನ ಕೊಯ್ಲು ಅಂದರೂ ವರ್ಷಕ್ಕೆ 36,000 ಸಾಲು. ಇಷ್ಟಕ್ಕೆ 4 ಹಾಕಿದರೂ 7 ಹಾಕಿದರೂ ಯಾರಿಗೂ ವ್ಯತ್ಯಾಸ ಕಾಣುವುದಿಲ್ಲ. ಎರಡು ಸಲ ಬಿದ್ದ 38 ಕಿಲೋ ಮಾತ್ರ ಎಲ್ಲರಿಗೂ ಕಾಣುತ್ತದೆ.

ಟ್ವಿಟರ್ ತನ್ನ ಐಡಿಗಳನ್ನು ಹುಟ್ಟಿಸಲು ಮಾಡಿದ ಸ್ನೋಫ್ಲೇಕ್ ಬಗ್ಗೆ ಓದಿರುತ್ತೀರಿ. 2010ರದ್ದು. 64 ಬಿಟ್ಟಿನೊಳಗೇ 41 ಬಿಟ್ ಸಮಯ, 10 ಬಿಟ್ ಯಂತ್ರದ ನಂಬರ್, 12 ಬಿಟ್ ಎಣಿಕೆ. ಚಂದದ ವಿನ್ಯಾಸ. ಆದರೆ ಪ್ರತಿ ಯಂತ್ರಕ್ಕೂ ಬೇರೆ ನಂಬರ್ ಕೊಟ್ಟು ಕಾಯುವವರು ಬೇಕು, ಗಡಿಯಾರ ಹಿಂದೆ ಹೋದರೆ ನಿಲ್ಲಿಸಬೇಕು. ಡೇಟಾ ಸೆಂಟರ್ ನಡೆಸುವವರಿಗೆ ಸರಿ. ಅದರ ಜೊತೆ ಇನ್ನೊಂದು ಕಾಟವಿದೆ. ಈಗಲೇ ಬ್ರೌಸರಿನ ಕನ್ಸೋಲ್ ತೆರೆದು 9007199254740993 ಅಂತ ಒತ್ತಿ ಎಂಟರ್ ಹೊಡೆಯಿರಿ. ಕೊನೆಯ ಅಂಕಿ 3 ಹೋಗಿ 2 ಆಗಿರುತ್ತದೆ. ಜಾವಾಸ್ಕ್ರಿಪ್ಟ್ ನಂಬರ್ 2ರ ಘಾತ 53 ದಾಟಿದರೆ ಎಲ್ಲ ಪೂರ್ಣಾಂಕಗಳನ್ನೂ ಸರಿಯಾಗಿ ಹಿಡಿಯುವುದಿಲ್ಲ. ಎರರ್ ಕೂಡ ಬರುವುದಿಲ್ಲ, ಸುಮ್ನೆ ಬೇರೆಯವರ ಸಾಲು ತೆರೆಯುತ್ತದೆ. ಟ್ವಿಟರ್ ಇದಕ್ಕಾಗಿಯೇ ಅದೇ ಐಡಿಯನ್ನು ಪಠ್ಯವಾಗಿಯೂ ಕೊಡಬೇಕಾಯಿತು.

ಈಗ ಜನರಿಗೆ ತೋರಿಸುವ ನಂಬರಿನ ವಿಷಯ. ರೈಟ್ರು ಫೋನಿನಲ್ಲಿ "ಆ 147ನೇ ಚೀಟಿ ನೋಡಿ" ಅನ್ನಬಲ್ಲರು. 36 ಅಕ್ಷರ ಓದಿ ಹೇಳು ಅಂದರೆ ಫೋನ್ ಇಟ್ಟುಬಿಡುತ್ತಾರೆ. ಹಾಗಾಗಿ ಮನುಷ್ಯರಿಗೆ ಬೇರೆ ನಂಬರ್ ಕೊಡಿ, ಬೇರೆ ಕಾಲಮ್ಮಿನಲ್ಲಿ. ಪ್ರೈಮರಿ ಕೀಗೆ ಆ ಕೆಲಸ ಹೇರಬೇಡಿ. ಮಡಿಕೇರಿಯಲ್ಲಿ ಒಂದು ಸಾಂಬಾರ ಪದಾರ್ಥದ ಅಂಗಡಿಗೆ ಬಿಲ್ಲಿಂಗ್ ಮಾಡುತ್ತೀರಿ ಅಂತಿಟ್ಟುಕೊಳ್ಳಿ. ಜಿಎಸ್‌ಟಿ ನಿಯಮದ ಪ್ರಕಾರ ಇನ್‌ವಾಯ್ಸ್ ನಂಬರ್ 16 ಅಕ್ಷರ ಮೀರಬಾರದು, ಅನುಕ್ರಮವಾಗಿರಬೇಕು, ಆ ಹಣಕಾಸು ವರ್ಷದಲ್ಲಿ ಬೇರೆ ಎಲ್ಲೂ ಬರಬಾರದು. ಯುಯುಐಡಿ ಅಲ್ಲಿಗೆ ಹಿಡಿಸುವುದೇ ಇಲ್ಲ. ಆಟೋ ಇನ್‌ಕ್ರಿಮೆಂಟೂ ಆಗುವುದಿಲ್ಲ. ಟ್ರಾನ್ಸಾಕ್ಷನ್ (ಒಟ್ಟಿಗೇ ಆಗಬೇಕಾದ ಬರಹಗಳ ಗುಂಪು) ರೋಲ್‌ಬ್ಯಾಕ್, ಅಂದರೆ ರದ್ದು, ಆದರೆ ತೆಗೆದುಕೊಂಡ ನಂಬರ್ ವಾಪಸ್ ಬರುವುದಿಲ್ಲ, ನಡುವೆ ಖಾಲಿ ಬೀಳುತ್ತದೆ. 312 ಆದಮೇಲೆ 314 ಯಾಕೆ ಅಂತ ಆಡಿಟರ್ ಕೇಳಿದರೆ ಏನು ಹೇಳುತ್ತೀರಿ? ಬಿಲ್ ನಂಬರಿಗೆ ಪ್ರತ್ಯೇಕ ಎಣಿಕೆಯ ಟೇಬಲ್ ಇಟ್ಟು, ಬಿಲ್ ಬರೆಯುವ ಟ್ರಾನ್ಸಾಕ್ಷನ್ ಒಳಗೇ ಆ ಸಾಲನ್ನು ಲಾಕ್ ಮಾಡಿ ಏರಿಸಿ. ನಿಧಾನ, ನಿಜ. ಅಂಗಡಿಗೆ ಅಷ್ಟು ಸಾಕು.

ಅನುಕ್ರಮದ ನಂಬರ್ ಹೊರಗೆ ತೋರಿಸಿದರೆ ವ್ಯಾಪಾರದ ಗುಟ್ಟೂ ಹೋಗುತ್ತದೆ. ಎರಡನೇ ಮಹಾಯುದ್ಧದಲ್ಲಿ ಜರ್ಮನಿ ತಿಂಗಳಿಗೆ ಸುಮಾರು 1400 ಟ್ಯಾಂಕ್ ಮಾಡುತ್ತಿದೆ ಅಂತ ಗೂಢಚಾರರು ಹೇಳುತ್ತಿದ್ದರು. ಸಿಕ್ಕಿಬಿದ್ದ ಟ್ಯಾಂಕುಗಳ ಬಿಡಿಭಾಗದ ಸೀರಿಯಲ್ ನಂಬರ್ ನೋಡಿ ಸಂಖ್ಯಾಶಾಸ್ತ್ರದವರು 250ರ ಆಸುಪಾಸು ಅಂದರು. ಯುದ್ಧ ಮುಗಿದು ಕಡತ ನೋಡಿದಾಗ ಸಂಖ್ಯಾಶಾಸ್ತ್ರದವರೇ ಸರಿ. ನಿಮ್ಮ ಹೋಂಸ್ಟೇ ಬುಕಿಂಗ್ ಪುಟದ ಕೊನೆಯಲ್ಲಿ 1042 ಅಂತ ಇದ್ದರೆ, ಪಕ್ಕದ ಹೋಂಸ್ಟೇಯವರು ತಿಂಗಳಿಗೊಂದು ಬುಕಿಂಗ್ ಮಾಡಿ ನಿಮ್ಮ ವ್ಯಾಪಾರ ಲೆಕ್ಕ ಹಾಕಬಹುದು. 1043 ಒತ್ತಿದರೆ ಬೇರೆ ಅತಿಥಿಯ ವಿವರ ತೆರೆದರೆ ಅದು ಇನ್ನೂ ದೊಡ್ಡ ತಪ್ಪು, ಆದರೆ ಅದಕ್ಕೆ ಮದ್ದು ಯುಯುಐಡಿ ಅಲ್ಲ. ನೋಡುವ ಹಕ್ಕಿದೆಯೇ ಅಂತ ಪರೀಕ್ಷಿಸುವ ಕೋಡ್ ಬರೆಯಲೇಬೇಕು. ಯುಯುಐಡಿ ಪಾಸ್‌ವರ್ಡ್ ಅಲ್ಲ. 7ರಲ್ಲಂತೂ ಸಾಲು ಹುಟ್ಟಿದ ಹೊತ್ತು ಯಾರಿಗಾದರೂ ಓದಲು ಬರುತ್ತದೆ.

ಆ ಹೊತ್ತನ್ನು ನೀವೇ ತಾರೀಕಾಗಿ ಬಳಸಬೇಡಿ. ಬ್ಯಾಟರಿ ತೆಗೆದು ಹಾಕಿದ ಹಳೇ ಫೋನು 1970 ಅಂತ ನಂಬಿಕೊಂಡಿರಬಹುದು. ಕೀ ಆಗ ಅನುಕ್ರಮ ತಪ್ಪುತ್ತದೆ, ಆದರೆ ಡಿಕ್ಕಿಯಾಗುವುದಿಲ್ಲ. ತೂಕದ ತಾರೀಕಿಗೆ ಬೇರೆ ಕಾಲಮ್ ಇರಲಿ, ಸರ್ವರ್‌ಗೆ ಬಂದ ಹೊತ್ತಿಗೆ ಇನ್ನೊಂದು.

ಕೊನೆಗೆ ಪ್ರಶ್ನೆಗಳಿಗೆ ಬಿಟ್ಟಾಗ ಜಾವಾದ ಸ್ಪ್ರಿಂಗ್ ಫ್ರೇಮ್‌ವರ್ಕ್ ಬಳಸುವ ಒಬ್ಬರು ಕೇಳಿದರು: "ಸರ್, ಕೀ ನಾವೇ ಕೊಟ್ಟರೆ ಪ್ರತಿ ಸೇವ್‌ಗೂ ಮೊದಲು ಒಂದು ಸೆಲೆಕ್ಟ್ ಓಡುತ್ತದಲ್ಲ?" ಹೌದು. ಕೀ ಖಾಲಿ ಇಲ್ಲದ್ದನ್ನು ಕಂಡರೆ ಸ್ಪ್ರಿಂಗ್ ಡೇಟಾ ಅದನ್ನು ಹಳೆಯ ಸಾಲು ಅಂದುಕೊಂಡು ಮೊದಲು ಅದನ್ನು ಹುಡುಕಿ ಓದುತ್ತದೆ, ಆ ಓದುವ ಆಜ್ಞೆಯೇ ಸೆಲೆಕ್ಟ್. ಎಂಟಿಟಿಯಲ್ಲಿ (ಟೇಬಲ್‌ನ ಸಾಲನ್ನು ಪ್ರತಿನಿಧಿಸುವ ಕ್ಲಾಸಿನಲ್ಲಿ) ಪರ್ಸಿಸ್ಟೆಬಲ್ ಇಂಟರ್‌ಫೇಸ್ ಬರೆದು ಇದು ಹೊಸದು ಅಂತ ಹೇಳಬೇಕು, ಇಲ್ಲವೇ ವರ್ಷನ್ ಕಾಲಮ್ ಇಡಬೇಕು.

ಇನ್ನೊಬ್ಬರು ವಿದ್ಯಾರ್ಥಿನಿಯ ಪ್ರಶ್ನೆ: "ನಮ್ಮ ಪ್ರಾಜೆಕ್ಟ್‌ನಲ್ಲಿ ಆಗಲೇ ಆಟೋ ಇನ್‌ಕ್ರಿಮೆಂಟ್ ಇದೆ. ಎಲ್ಲ ಕಿತ್ತು ಹಾಕಬೇಕಾ?" ಬೇಡಮ್ಮ. ಈಗಿರುವ ಪ್ರೈಮರಿ ಕೀ ಹಾಗೇ ಇರಲಿ, ಫಾರಿನ್ ಕೀಗಳನ್ನೂ ಮುಟ್ಟಬೇಡ. ಫೋನಿನಿಂದ ಬರುವ ಟೇಬಲ್‌ಗಳಿಗೆ ಮಾತ್ರ ಒಂದು ಯುಯುಐಡಿ ಕಾಲಮ್ ಸೇರಿಸು, ಹಳೆಯ ಸಾಲುಗಳಿಗೆ ತುಂಬಿಸು, ಆಮೇಲೆ ಒಂದೇ ಬೆಲೆ ಎರಡು ಸಲ ಬರದಂತೆ ಯೂನಿಕ್ ಇಂಡೆಕ್ಸ್ ಹಾಕು, ಖಾಲಿ ಬಿಡದಂತೆ ನಾಟ್ ನಲ್ ಮಾಡು. ಫೋನ್ ಆ ಯುಯುಐಡಿ ಕಳಿಸಲಿ, ಕಾನ್‌ಫ್ಲಿಕ್ಟ್ ಅದರ ಮೇಲೆ ನೋಡು, ಹೊರಗಿನ ಲಿಂಕುಗಳಲ್ಲೂ ಅದನ್ನೇ ಬಳಸು. ಸಂಖ್ಯೆ ಡೇಟಾಬೇಸಿನ ಒಳಗೇ ಓಡಾಡಿಕೊಂಡಿರಲಿ. ಹಳೇ ಆ್ಯಪ್ ಇರುವ ಫೋನುಗಳು ಯುಯುಐಡಿ ಕಳಿಸುವುದಿಲ್ಲ, ಅವೆಲ್ಲ ಅಪ್‌ಡೇಟ್ ಆಗುವವರೆಗೆ ಆ ಕಾಲಮ್‌ಗೆ ಸರ್ವರ್ ಕಡೆಯಿಂದ ಡಿಫಾಲ್ಟ್ ಇಟ್ಟಿರು.